ಹಳ್ಳದ ಹೊಲದ ಬಿತ್ತಿಗೆ

ತೊಗರಿಹಾಳದ ಗಂಡಸರು ಎಲ್ಲ ವಿಷಯದಲ್ಲೂ ಜಂಬ ಕೊಚ್ಚುವವರೇ. ಕೂರಿಗೆಯ ಮಾತು ಬಂದರೆ ಮಾತ್ರ ಮೀಸೆಯ ಮೇಲಿನ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಎತ್ತು ಹೊಡೆಯುವುದು ಅವರ ಕೆಲಸ, ನಿಜ. ಎತ್ತನ್ನು ಯಾರು ಬೇಕಾದರೂ ಹೊಡೆದಾರು. ಕೂರಿಗೆಯ ಹಿಂದೆ ನಡೆಯುತ್ತ, ಉಡಿಯಲ್ಲಿ ಕಟ್ಟಿಕೊಂಡ ಬೀಜದ ಜೋಳವನ್ನು ಮುಷ್ಟಿ ಮುಷ್ಟಿಯಾಗಿ ಬಟ್ಟಲಿಗೆ ಬಿಡುವುದು ಹೆಂಗಸರ ಕೆಲಸ. ಬಟ್ಟಲಿನ ತಳದಲ್ಲಿ ಮೂರು ತೂತು, ಮೂರಕ್ಕೂ ಬಿದಿರಿನ ನಳಿಗೆ, ನಳಿಗೆಯ ಕೆಳಗೆ ನೆಲ ಸೀಳುವ ಮೂರು ಕುಳ. ಮೂರಕ್ಕೂ ಕಾಳು ಸಮನಾಗಿ ಬೀಳಬೇಕು. ಕೈ ಒಂದಿಷ್ಟು ಬಿಗಿಯಾದರೆ ಹೊಲ ಬೋಳು, ಒಂದಿಷ್ಟು ಸಡಿಲಾದರೆ ಪೈರು ಒಂದಕ್ಕೊಂದು ಮೈತಿಕ್ಕಿ ಒಂದೂ ಏಳುವುದಿಲ್ಲ. ಇದನ್ನು ಕಲಿಸಲು ಶಾಲೆ ಇಲ್ಲ. ತಾಯಿಯ ಕೈ ನೋಡಿ ಮಗಳ ಕೈ ಕಲಿಯಬೇಕು.

ಊರಲ್ಲಿ ಅಂಥ ಕೈ ಇದ್ದವರು ಹತ್ತು ಮಂದಿ. ಹತ್ತರಲ್ಲಿ ಮೊದಲನೆಯ ಹೆಸರು ಕೆಳಗೇರಿಯ ಮಲ್ಕಮ್ಮನದು. ಎತ್ತರದ ಹೆಂಗಸು, ನಲವತ್ತೈದರ ಆಸುಪಾಸು, ಬಿತ್ತುವಾಗ ತುಟಿ ಬಿಚ್ಚುತ್ತಿರಲಿಲ್ಲ. ಉಳಿದವರು ಹಾಡುತ್ತ ಬಿತ್ತಿದರೆ ಈಕೆ ಉಸಿರೂ ಎಣಿಸಿ ಬಿಡುವವಳ ಹಾಗೆ ನಡೆಯುತ್ತಿದ್ದಳು. ಆಕೆ ಬಿತ್ತಿದ ಹೊಲ ಮೊಳೆತ ಮೇಲೆ ನಿಂಬರ್ಗಾದ ರೈತರು ಬಂಡಿ ನಿಲ್ಲಿಸಿ ಸಾಲು ನೋಡಿ ಹೋಗುತ್ತಿದ್ದರು. ಇಷ್ಟೆಲ್ಲ ಇದ್ದ ಆ ಹೆಂಗಸಿಗೆ ಸ್ವಂತದ್ದು ಅಂತ ಬೊಗಸೆ ಮಣ್ಣೂ ಇರಲಿಲ್ಲ. ಲೋಕ ಇರುವುದೇ ಹಾಗೆ.

ಬಿತ್ತಿಗೆಗೆ ಒಂದು ಕಟ್ಟಳೆಯಿತ್ತು. ಹೊಲದವರ ಮನೆಯ ಹೆಣ್ಣುಮಗಳು ಬಂದು ಮೊದಲ ಮುಷ್ಟಿ ಕಾಳು ಬಟ್ಟಲಿಗೆ ಹಾಕಬೇಕು. ಆಕೆ ಬರದಿದ್ದರೆ ಬಿತ್ತುವವಳೇ ಆ ಮನೆತನದ ಹೆಸರು ಕೂಗಿ ಹಾಕಬೇಕು. ಊರ ಲೆಕ್ಕ ಬರೆಯುವ ಪಟವಾರಿಯ ದಫ್ತರದಲ್ಲಿ ಏನಾದರೂ ಬರೆದಿರಲಿ, ಊರು ನಂಬುತ್ತಿದ್ದದ್ದು ಆ ಮುಷ್ಟಿಯನ್ನು. ಯಾರ ಹೆಸರಿನಲ್ಲಿ ಮೊದಲ ಮುಷ್ಟಿ ಬಿತ್ತೋ ಹೊಲ ಅವರದು.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಪಟವಾರಿಯ ದಫ್ತರವೇ ಸುಟ್ಟು ಬೂದಿಯಾಗಿತ್ತು. ಚೈತ್ರದಲ್ಲಿ ನಿಜಾಮನ ಕಡೆಯ ಖಾಕಿ ಅಂಗಿಯ ರಜಾಕಾರರು ಆಳಂದದ ಕಡೆಯಿಂದ ಬಂದು ಹನ್ನೊಂದು ಮನೆಗೆ ಬೆಂಕಿ ಇಟ್ಟರು. ಊರಿಗೆ ಊರೇ ಗಡಿ ದಾಟಿ ಸೊಲ್ಲಾಪುರ ಸೀಮೆಯ ಕ್ಯಾಂಪಿನ ತಗಡಿನ ಛಪ್ಪರ ಸೇರಿತು. ಅಲ್ಲಿದ್ದ ಮೂರನೆಯ ದಿನ ಗೌಡ ಬಸವಂತರಾಯನಿಗೆ ಹಿಂದೆ ಬಿಟ್ಟು ಬಂದ ಎತ್ತುಗಳ ನೆನಪಾಯಿತು. ಯಾರನ್ನು ಕಳಿಸುವುದು? ಸ್ವಂತ ತಮ್ಮನ ಮಗ ಗುರಣ್ಣ ಅಲ್ಲೇ ಗಟ್ಟಿಮುಟ್ಟಾಗಿ ಕೂತಿದ್ದ. ಕಳಿಸಿದ್ದು ತನ್ನ ಮನೆಯ ಜೀತದಾಳು ದೇವೀಂದ್ರಪ್ಪನ ಮಗ ಭಗವಂತನನ್ನು. ದೇವೀಂದ್ರಪ್ಪನ ಹೆಂಡತಿಯೇ ಮಲ್ಕಮ್ಮ, ಹತ್ತೊಂಬತ್ತರ ಭಗವಂತ ಅವರಿಗೆ ಒಬ್ಬನೇ ಮಗ. ಹುಡುಗ ಹೋದ, ತಿರುಗಿ ಬರಲಿಲ್ಲ. ಹಳ್ಳದ ದಂಡೆಯಲ್ಲಿ ಗುಂಡು ಬಿತ್ತು ಎಂಬ ಸುದ್ದಿ ಬಂತು, ಹೆಣ ಬರಲಿಲ್ಲ.

ಭಾದ್ರಪದದಲ್ಲಿ ಭಾರತ ಸರ್ಕಾರದ ಫೌಜು ಒಳಗೆ ಬಂತು. ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು. ತೊಗರಿಹಾಳದವರು ಬಂಡಿ ಹೂಡಿಕೊಂಡು ಹಿಂದಿರುಗಿದರು. ಮಲ್ಕಮ್ಮನೂ ಗಂಡನೂ ಹಳ್ಳದ ಉದ್ದಕ್ಕೂ ಎರಡು ದಿನ ಹುಡುಕಿದರು. ಎಲುಬೂ ಸಿಗಲಿಲ್ಲ. ಮಳೆಗಾಲದ ನೀರು ಒಯ್ದಿತು ಅಂದರು ಊರವರು. ಮಗನಿಗೆ ಮಣ್ಣು ಸಿಗಲಿಲ್ಲ ಎಂಬ ಕೊರಗು ದೇವೀಂದ್ರಪ್ಪನನ್ನು ಒಳಗಿಂದ ತಿನ್ನತೊಡಗಿತು.

ಈಗ ಹೆದರುವ ಸರದಿ ಬೇರೆಯವರದಾಗಿತ್ತು. ಊರಲ್ಲಿ ಏಳು ಮುಸಲ್ಮಾನರ ಮನೆ. ಗಂಡಸರಲ್ಲಿ ಕೆಲವರು ಓಡಿದ್ದರು, ಕೆಲವರು ಸತ್ತಿದ್ದರು. ಹಳ್ಳದ ಬದಿಯ ಎಂಟೆಕರೆ ಎರೆಹೊಲದ ಖಾಸೀಮಸಾಬ ಎಲ್ಲಿ ಹೋದನೋ ಯಾರಿಗೂ ತಿಳಿಯದು. ಎರಡು ತಿಂಗಳು ಅವನೂ ಖಾಕಿ ಅಂಗಿ ತೊಟ್ಟಿದ್ದ, ಇದು ಮಾತ್ರ ಎಲ್ಲರಿಗೂ ತಿಳಿದಿತ್ತು. ಅವನ ಹೆಂಡತಿ ನಜಮುನ್ನಿಸಾ, ಮುದಿ ತಾಯಿ ಜೈತುನಬಿ, ಎರಡು ಸಣ್ಣ ಹೆಣ್ಣುಕೂಸು ಬಾಗಿಲು ಹಾಕಿಕೊಂಡು ಒಳಗಿದ್ದರು. ಗುರಣ್ಣ ಕ್ಯಾಂಪಿನಿಂದ ತಂದ ಬಂದೂಕು ಹೆಗಲಿಗೇರಿಸಿ ಆ ಓಣಿಯಲ್ಲಿ ದಿನಕ್ಕೆ ನಾಲ್ಕು ಸಲ ಅಡ್ಡಾಡುತ್ತಿದ್ದ. ಹೆಂಗಸರ ಮುಂದೆ ಬಂದೂಕು ಹಿಡಿದು ನಡೆಯುವುದಕ್ಕೆ ಎಷ್ಟು ಧೈರ್ಯ ಬೇಕೋ ಅಷ್ಟು ಧೈರ್ಯ ಅವನಲ್ಲಿತ್ತು.

ಉರಿಯುವ ಮನೆಯಲ್ಲಿ ಗಳ ಹಿರಿಯುವುದರಲ್ಲಿ ಬಸವಂತರಾಯ ಪಳಗಿದವ. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರನ್ನೂ ತನ್ನ ಅಂಗಳಕ್ಕೆ ಕರೆಸಿದ.

"ಮಲ್ಕವ್ವ, ಹಸ್ತ ಮಳಿ ಹದವಾಗಿ ಬಿದ್ದದ. ನಾಳೆ ಹಳ್ಳದ ಹೊಲಕ್ಕ ಕೂರಿಗಿ ಹೂಡ್ತೀವಿ. ಮೊದಲ ಮುಷ್ಟಿ ನಮ್ಮ ಮನಿ ಹೆಸರಿಲೆ ಹಾಕು. ನೀನು ಮಗನ್ನ ಕಳಕೊಂಡಾಕಿ, ನೀನು ಹಾಕಿದ್ರ ಊರಾಗ ಯಾರೂ ತುಟಿ ಪಿಟ್ಟಕ್ ಅನ್ನಂಗಿಲ್ಲ. ಎಂಟು ಎಕರೆದಾಗ ಎರಡು ಎಕರೆ ನಿಮಗ. ಭಗವಂತನ ಹೆಸರಿಲೆ ಇರಲಿ."

ದೇವೀಂದ್ರಪ್ಪ ಕೈಮುಗಿದು ನಿಂತವ ನೆಲಕ್ಕೆ ಹಣೆ ಹಚ್ಚಿದ. ಏಳು ತಲೆಮಾರಿನಿಂದ ಬೇರೆಯವರ ಎತ್ತು ಹೊಡೆದ ವಂಶ ಅವನದು. ಎರಡು ಎಕರೆ ಎರೆ, ಅದೂ ಮಗನ ಹೆಸರಿನಲ್ಲಿ. ಮಲ್ಕಮ್ಮನ ಎದೆಯೂ ಹಿಗ್ಗಿತು. ಆಕೆಯೇನು ದೇವತೆಯಲ್ಲ, ಬದುಕಿಡೀ ಮಣ್ಣಿನ ಆಸೆ ಹೊತ್ತವಳು.

"ಆಗಲ್ರಿ ಧಣಿ," ಅಂದಳು.

ಅವತ್ತು ಮಧ್ಯಾಹ್ನ ಆಕೆ ಗುಡಿಸಲ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ನೆರಳು ಬಿತ್ತು. ತಲೆಯೆತ್ತಿದರೆ ಜೈತುನಬಿ. ಗುರಣ್ಣ ಊಟಕ್ಕೆ ಹೋದ ಹೊತ್ತು ನೋಡಿ, ಬೇಲಿಯ ಸಂದಿಯಿಂದ ನುಸುಳಿ ಬಂದಿದ್ದಳು. ಸೀರೆಗೆ ಮುಳ್ಳು ಹತ್ತಿದ್ದವು. ಮಲ್ಕಮ್ಮ ಕೂಡು ಅನ್ನಲಿಲ್ಲ. ಮುದುಕಿ ತಾನಾಗಿ ನೆಲಕ್ಕೆ ಕೂತಳು.

"ಮಲ್ಕವ್ವ, ನಾಳೆ ನಮ್ಮ ಹೊಲ ಬಿತ್ತಾಕ ಹೊಂಟೀಯಂತ."

"ಹೌದು. ಗೌಡ್ರು ಹೇಳ್ಯಾರ."

"ಬಿತ್ತು. ಬ್ಯಾಡ ಅನ್ನಾಕ ಬಂದಿಲ್ಲ ನಾ. ಮೂಡಲ ಬದುವಿನ ಬುಡಕ್ಕ, ಬನ್ನಿಗಿಡದ ಬಾಜೂಕ ನಾಕು ಕಲ್ಲು ಅವ. ಅಲ್ಲಿ ಮಾತ್ರ ಕೂರಿಗಿ ಹಾಯಿಸಬ್ಯಾಡ. ಅಲ್ಲಿ ನಿನ್ನ ಮಗ ಅದಾನ."

ಮಲ್ಕಮ್ಮನ ಕೈಯಲ್ಲಿದ್ದ ಹಿಟ್ಟು ಹಾಗೆಯೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಆಕೆಗೆ ಗೊತ್ತಾಗಲಿಲ್ಲ. ಮುದುಕಿ ಸೆರಗಿನ ಗಂಟು ಬಿಚ್ಚಿ ಕರಿದಾರದ ತಾಯಿತವೊಂದನ್ನು ನೆಲದ ಮೇಲಿಟ್ಟಳು. ಭಗವಂತ ಮೂರು ವರ್ಷದವನಿದ್ದಾಗ ಜ್ವರ ಬಂತೆಂದು ಮಲ್ಕಮ್ಮನೇ ಕಟ್ಟಿದ್ದು.

"ಊರಾಗ ನಿಮ್ಮವರು ಯಾರೂ ಇರಲಿಲ್ಲ," ಅಂದಳು ಜೈತುನಬಿ. "ನಾಯಿ ಸುತ್ತಾಕತ್ತಿದ್ವು. ನಾನೂ ಸೊಸಿನೂ ಹೋದಿವಿ. ಹೊತ್ತು ತರಾಕ ಆಗಲಿಲ್ಲ, ಕಂಬಳಿಮ್ಯಾಲ ಹಾಕಿ ಎಳಕೊಂಡು ನಮ್ಮ ಬದುವಿಗೆ ತಂದಿವಿ. ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕ ಹೋಗಂಗಿಲ್ಲ, ಮಣ್ಣು ಹ್ಯಾಂಗ ಮಾಡ್ತಾರ ನೋಡೇ ಇಲ್ಲ. ಕೇಳಿ ಗೊತ್ತಿದ್ದಷ್ಟು ಮಾಡಿದಿವಿ. ಮುಖ ಪಡುವಲಕ್ಕ ತಿರುವಿ ಮಲಗಿಸೀವಿ. ನಿಮ್ಮಲ್ಲಿ ಹ್ಯಾಂಗೋ ಏನೋ. ತಪ್ಪಾಗಿದ್ರ ಮಾಫ್ ಮಾಡು."

ಮಲ್ಕಮ್ಮನಿಗೆ ಅಳು ಬರಲಿಲ್ಲ. ಮೊದಲು ಬಂದದ್ದು ಸಿಟ್ಟು.

"ನಿನ್ನ ಮಗ ಅವರ ಸಂಗಾಟ ಇದ್ನಲ್ಲ."

"ಇದ್ದ. ದಾರಿ ತೋರಿಸಿದವ ಅವನೇ. ನಾ ಸುಳ್ಳು ಹೇಳಂಗಿಲ್ಲ. ನನ್ನ ಹೊಟ್ಟಿಲೆ ಹುಟ್ಟಿದಾಂವ, ಇಲ್ಲ ಅಂದ್ರ ಆದೀತೇನು?"

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನಮ್ಮ ಹೊಲದಾಗ ಹೆಣ ಸಿಕ್ರ ನಾವೇ ಕೊಂದಿವಿ ಅಂತಾರ. ಆ ಬಂದೂಕಿನ ಹುಡುಗ ಕೂಸುಗಳನ್ನೂ ಬಿಡಂಗಿಲ್ಲ. ಬಾಯಿ ಕಟ್ಟಿಕೊಂಡು ಇದ್ದಿವಿ. ಇವತ್ತು ನೀನೇ ಬಿತ್ತಾಕ ಬರ್ತಿ ಅಂತ ಕೇಳಿ ಮನಸು ತಡೀಲಿಲ್ಲ. ಹೆತ್ತಾಕಿ ಗೊತ್ತಿಲ್ಲದ ಮಗನ ಎದಿಮ್ಯಾಲ ಕಾಲು ಇಡಬಾರದು."

ಇಷ್ಟು ಹೇಳಿ ಜೈತುನಬಿ ಎದ್ದು, ಬಂದ ಬೇಲಿಯ ಸಂದಿಯಿಂದಲೇ ಹೋದಳು. ನಾಲ್ಕು ಜೀವ ಉಳಿಯುವುದೋ ಹೋಗುವುದೋ ಎಂಬುದನ್ನು ತನ್ನ ಸೀದ ರೊಟ್ಟಿಯ ಪಕ್ಕ ಇಟ್ಟು ಹೋದಳಲ್ಲ ಎಂದು ಮಲ್ಕಮ್ಮ ಯೋಚಿಸಿದಳು. ಆಮೇಲೆ ಎದ್ದು ಹೊಲಕ್ಕೆ ನಡೆದಳು. ಬನ್ನಿಗಿಡದ ಪಕ್ಕ ನಾಲ್ಕು ಕಲ್ಲು ಇದ್ದವು, ನಡುವೆ ಹುಲ್ಲು ಬೆಳೆದಿತ್ತು. ಅಲ್ಲಿ ಕೂತು ಆರು ತಿಂಗಳಿನ ಅಳುವನ್ನು ಅತ್ತು ಮುಗಿಸಿದಳು. ಅತ್ತು ಮುಗಿದ ಮೇಲೆ ಅವಳಿಗೆ ಒಂದು ವಿಷಯ ಬೆಳಗಿನಷ್ಟು ಸ್ಪಷ್ಟವಾಯಿತು. ಮಗನಿಗೆ ಮಲಗಲು ಜಾಗ ಕೊಟ್ಟ ಹೆಂಗಸರ ಹೊಲವನ್ನು ಕಸಿದು ಅದಕ್ಕೆ ಮಗನ ಹೆಸರು ಇಡಲಾಗದು.

ಮರುದಿನ ಹಳ್ಳದ ಹೊಲದಲ್ಲಿ ಅರ್ಧ ಊರೇ ನೆರೆದಿತ್ತು. ಎತ್ತಿನ ಕೊಂಬಿಗೆ ಅರಿಶಿನ, ಕೂರಿಗೆಗೆ ಕುಂಕುಮ. ಮಲ್ಕಮ್ಮ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿನ ಹಿಂದೆ ನಿಂತಳು. ದೇವೀಂದ್ರಪ್ಪ ಎತ್ತಿನ ಹಗ್ಗ ಹಿಡಿದಿದ್ದ, ಮುಖದಲ್ಲಿ ಎಷ್ಟೋ ತಿಂಗಳಿಗೆ ಒಂದಿಷ್ಟು ಕಳೆ ಇತ್ತು. ಬಸವಂತರಾಯ ಹೂಂ ಅಂದ. ಮಲ್ಕಮ್ಮ ಉಡಿಯ ಗಂಟು ಬಿಚ್ಚಿ, ಬೀಜವನ್ನೆಲ್ಲ ಬುಟ್ಟಿಗೆ ತಿರುಗಿ ಸುರಿದಳು.

"ನನ್ನ ಕೈಲೆ ಆಗಂಗಿಲ್ರಿ ಧಣಿ. ಈ ಹೊಲ ನಜಮುನ್ನಿಸಾಂದು. ಆಕಿ ಬಂದು ಮುಷ್ಟಿ ಹಾಕಿದ್ರ ಬಿತ್ತೇನಿ."

ಮೊದಲು ಬಾಯಿ ತೆರೆದವ ಗುರಣ್ಣ.

"ಭಗವಂತನ ರಕ್ತಕ್ಕ ಬೆಲಿ ಇಲ್ಲೇನು ಬೇ? ಅವನ ಸಲುವಾಗಿ ನಾವು ಹೊಡದಾಡಾಕತ್ತೀವಿ, ನೀ ಅವರ ಬಾಜೂ ನಿಂದರ್ತಿ?"

"ನನ್ನ ಮಗನ ಹೆಸರು ನಿಮ್ಮ ಬಾಯಾಗ ಬ್ಯಾಡ್ರಿ ಸಣ್ಣ ಗೌಡ್ರ," ಅಂದಳು ಮಲ್ಕಮ್ಮ. ದನಿ ಏರಿರಲಿಲ್ಲ. "ಅಂವ ಹೋಗಿದ್ದು ಎತ್ತಿಗೆ. ಎತ್ತು ಯಾರವು, ಕಳಿಸಿದವರು ಯಾರು, ಎಲ್ಲಾರಿಗೂ ಗೊತ್ತದ. ಅವತ್ತು ನೀವು ಕ್ಯಾಂಪಿನಾಗ ಕುಂತಿದ್ರಿ."

ಕೆಳಗೇರಿಯ ಹೆಂಗಸು ಗೌಡರ ಮನೆಯವನಿಗೆ ಹಾಗೆ ಅಂದದ್ದು ತೊಗರಿಹಾಳದ ಚರಿತ್ರೆಯಲ್ಲೇ ಮೊದಲು. ಬಸವಂತರಾಯನ ಮುಖ ಕಪ್ಪಿಟ್ಟಿತು. ಆತ ಅಂಬುಬಾಯಿಯತ್ತ ಕೈ ಮಾಡಿ, ನೀನು ಬಾ ಅಂದ. ಅಂಬುಬಾಯಿ ಮಲ್ಕಮ್ಮನ ಓಣಿಯವಳೇ, ಬಿತ್ತುವ ಕೈಗಳಲ್ಲಿ ಎಲ್ಲರಿಗಿಂತ ಸಣ್ಣವಳು. ಸೆರಗು ಬಾಯಿಗೆ ಒತ್ತಿಕೊಂಡು, "ನಾ ಮಲ್ಕಕ್ಕನ ಕೈ ನೋಡಿ ಕಲ್ತಾಕಿ ಅದೇನ್ರಿ. ಅಕ್ಕ ಬ್ಯಾಡ ಅಂದ ಹೊಲ ನನಗೂ ಬ್ಯಾಡ್ರಿ," ಅಂದಳು. ಹೆದರಿದ್ದರೂ ಹಿಂದೆ ಸರಿಯಲಿಲ್ಲ.

ದೇವೀಂದ್ರಪ್ಪ ಎತ್ತಿನ ಹಗ್ಗ ಕೈಬಿಟ್ಟು, ಹೆಂಡತಿಯ ಮುಖವನ್ನೂ ನೋಡದೆ ಹೊರಟುಹೋದ. ಬಂದೂಕಿನವನ ಮಾತಿಗಿಂತ ಮಲ್ಕಮ್ಮನನ್ನು ಹೆಚ್ಚು ಇರಿದದ್ದು ಅದು.

ಒಂದು ಹೊಲ ನಿಲ್ಲಿಸಿದರಷ್ಟೇ ಸಾಲದು, ನಾಳೆ ಗೌಡ ಬೇರೆ ಊರಿನಿಂದ ಬಿತ್ತುವವಳನ್ನು ತರಿಸಿಯಾನು. ಅವತ್ತು ಸಂಜೆ ಬಿತ್ತುವ ಹೆಂಗಸರು ದೊಡ್ಡ ಬಾವಿಯ ಹತ್ತಿರ ಕೂಡಿದರು. ಮಲ್ಕಮ್ಮ ಬಾವಿಯ ಕಟ್ಟೆ ಹತ್ತದೆ, ಕೇರಿಯವರು ನಿಲ್ಲುವ ಜಾಗದಲ್ಲಿ ನಿಂತೇ ಮಾತಾಡಿದಳು. ಆಕೆಯ ಮಾತು ಇಷ್ಟೇ. ಹಳ್ಳದ ಹೊಲ ನಜಮುನ್ನಿಸಾಳ ಹೆಸರಿನಲ್ಲಿ ಬಿತ್ತುವವರೆಗೆ ಹತ್ತು ಮಂದಿಯೂ ಯಾರ ಕೂರಿಗೆಗೂ ಕೈ ಹಾಕಬಾರದು.

ಗುರುಬಾಯಿ ಮೊದಲೇ ಒಲ್ಲೆನೆಂದು ತಲೆಯಾಡಿಸಿದಳು. ಮೇಲ್ಗೇರಿಯ ವಿಧವೆ, ಐದೆಕರೆಯ ಒಡತಿ, ಮಲ್ಕಮ್ಮನ ಓರಗೆಯವಳು. ಸುಟ್ಟ ಹನ್ನೊಂದು ಮನೆಗಳಲ್ಲಿ ಒಂದು ಆಕೆಯದು.

"ಮಲ್ಕಾ, ನನ್ನ ತೊಲಿ ಜಂತಿ ಇನ್ನೂ ಕರ್‍ರಗೆ ಬಿದ್ದಾವ. ಅವರ ಸಲುವಾಗಿ ನಾ ಹೊಲ ಬೀಳು ಬಿಡಲೇನು? ನಿನಗ ಎದಿ ಗಟ್ಟಿ ಅದ, ನನಗಿಲ್ಲ."

"ಗುರುಬಾಯಕ್ಕಾ, ಅವರನ್ನ ಪ್ರೀತಿ ಮಾಡು ಅಂತ ನಾ ಹೇಳಿಲ್ಲ. ನನಗೂ ಬರಂಗಿಲ್ಲ ಅದು. ಒಂದು ಮಾತು ಕೇಳ್ತೇನಿ. ಗಂಡ ಇಲ್ಲದಾಕಿ ಹೊಲಕ್ಕ ಯಾರು ಬೇಕಾದ್ರೂ ಬಂದು ಕೂರಿಗಿ ಹೂಡಬಹುದು ಅಂತ ಈ ಸಲ ರೂಢಿ ಆತಂದ್ರ, ಬರೋ ವರ್ಷ ಯಾರ ಹೊಲ? ನಿನ್ನ ಮೈದುನ ಕಣ್ಣು ಇಟ್ಟಾನಿಲ್ಲೋ?"

ಮೈದುನನ ಕಣ್ಣು ಊರಿಗೆಲ್ಲ ಗೊತ್ತಿದ್ದದ್ದೇ. ಗುರುಬಾಯಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಹೂಂ. ನನ್ನ ಹೊಲದಿಂದನೇ ಸುರುವಾಗಲಿ. ನಾಳೆ ನಂದೇ ಬಿತ್ತಿಗಿ ಇತ್ತು, ನಿಂದರಸ್ತೇನಿ," ಅಂದಳು. ಕ್ಷಮಿಸುವುದು ಎಲ್ಲರ ಕೈಯಲ್ಲಿ ಆಗುವಂಥದಲ್ಲ. ಕ್ಷಮಿಸದೆಯೂ ನ್ಯಾಯದ ಪಕ್ಕ ನಿಲ್ಲುವುದು ಅದಕ್ಕಿಂತ ಕಷ್ಟ, ಆ ಹೆಂಗಸು ಅದನ್ನು ಮಾಡಿದಳು.

ಗಂಡಸರು ಮೊದಲು ನಕ್ಕರು. ಹೆಂಗಸರಿಲ್ಲದೆ ಜೋಳ ಹುಟ್ಟುವುದಿಲ್ಲವೇ ಅಂದರು. ಗುರಣ್ಣ ಬಂದೂಕು ಗಿಡಕ್ಕೆ ಒರಗಿಸಿ, ಧೋತರದ ಉಡಿಯಲ್ಲಿ ಬೀಜ ತುಂಬಿಕೊಂಡು ತಾನೇ ಕೂರಿಗೆಯ ಹಿಂದೆ ನಿಂತ. ಅರ್ಧ ಹೊಲ ಬಿತ್ತಿ ಮೀಸೆ ತಿರುವಿಕೊಂಡು ಮನೆಗೆ ಬಂದ. ನಾಲ್ಕನೆಯ ದಿನ ಹೊಲ ಮೊಳೆಯಿತು. ಒಂದು ಕಡೆ ಕುರಿಯ ಮೈಯಂತೆ ದಟ್ಟ, ಇನ್ನೊಂದು ಕಡೆ ಮುದುಕನ ತಲೆಯಂತೆ ಬೋಳು. ಒಂದು ನಳಿಗೆ ಕಟ್ಟಿಕೊಂಡದ್ದು ಮಹಾರಾಯನಿಗೆ ಕಡೆಯವರೆಗೂ ಗೊತ್ತಾಗಿರಲಿಲ್ಲ. ಊರ ಹೆಂಗಸರು ನೀರಿಗೆ ಹೋಗುವಾಗ ದಾರಿ ಬಿಟ್ಟು ಆ ಹೊಲದ ಬದಿಯಿಂದಲೇ ಹಾದು ಹೋದರು. ಒಬ್ಬಳೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

ಬೇರೆ ಊರಿನ ಹೆಂಗಸರನ್ನು ತರಿಸಲು ಬಸವಂತರಾಯ ಆಳು ಕಳಿಸಿದ. ನರೋಣಾದಿಂದ ಇಬ್ಬರು ಬಂದರು. ಬಂದವರಿಗೆ ಬೀಜ ಕೊಡಬೇಕಲ್ಲ, ಬೀಜವಿದ್ದದ್ದು ಗೌಡ್ತಿ ಗೌರಾಬಾಯಿಯ ಕೋಣೆಯಲ್ಲಿ. ಹೋದ ವರ್ಷ ತಾನೇ ತೆನೆ ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿ ಮೆತ್ತಿಟ್ಟ ಬೀಜ. ಊರು ಬಿಟ್ಟು ಓಡುವಾಗ ಬಂಗಾರ ಬಿಟ್ಟು ಆ ಗಡಿಗೆ ಹೊತ್ತು ಓಡಿದವಳು ಆಕೆ. ಬಾಗಿಲಿಗೆ ಅಡ್ಡ ನಿಂತು ಗಂಡನಿಗೆ ಅಂದಳು:

"ಈ ಬೀಜ ಮಲ್ಕಿ ಕೈಗೆ ಬಿಟ್ಟು ಯಾರ ಕೈಗೂ ಕೊಡಂಗಿಲ್ರಿ. ಆಕಿ ಕೂಸಿನ್ನ ನಿಮ್ಮ ಎತ್ತಿಗೆ ಕಳಿಸಿದಾಗ ನಾ ಬಾಯಿ ಮುಚಗೊಂಡು ಇದ್ದೆ. ಅದರ ಪಾಪ ನನ್ನ ತಲಿಮ್ಯಾಲೂ ಅದ. ಇನ್ನೊಂದು ಹೊರಾಕ ನನ್ನ ಕೈಲೆ ಆಗಂಗಿಲ್ಲ."

ನರೋಣಾದ ಹೆಂಗಸರು ಅಂಗಳದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ನೀರು ಕುಡಿದು, ಎಲೆಯಡಿಕೆ ಹಾಕಿಕೊಂಡು, ಬಂದ ದಾರಿ ಹಿಡಿದರು.

ಈ ನಡುವೆ ಮಲ್ಕಮ್ಮನ ಗುಡಿಸಲಿನಲ್ಲಿ ಮಾತು ಸತ್ತಿತ್ತು. ದೇವೀಂದ್ರಪ್ಪ ರೊಟ್ಟಿ ತಿನ್ನುತ್ತಿದ್ದ, ಎದ್ದು ಹೋಗುತ್ತಿದ್ದ. ಎರಡು ಎಕರೆ ಹೋಯಿತು ಎಂಬುದಕ್ಕಿಂತ, ಮಗನ ಹೆಸರು ನಿಲ್ಲುವ ಒಂದೇ ಜಾಗ ಹೋಯಿತು ಎಂದು ಅವನು ಬೇಯುತ್ತಿದ್ದ. ಮಲ್ಕಮ್ಮ ಹೇಳಲೂ ಆರಳು, ಬಿಡಲೂ ಆರಳು. ಹೇಳಿದರೆ ಆತ ಸಿಟ್ಟಿನಲ್ಲಿ ಎಲ್ಲಾದರೂ ಬಾಯಿ ಬಿಟ್ಟರೆ? ಗುರಣ್ಣನ ಕಿವಿಗೆ ಬಿದ್ದರೆ? ಐದನೆಯ ದಿನ ಆಕೆ ಯೋಚಿಸುವುದನ್ನು ಬಿಟ್ಟಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ನಂಬದೆ ಇನ್ನು ಯಾರನ್ನು ನಂಬುವುದು ಅಂದುಕೊಂಡು, ನಡುಮಧ್ಯಾಹ್ನ ಅವನ ಕೈಹಿಡಿದು ಹಳ್ಳದ ಹೊಲಕ್ಕೆ ಕರೆದೊಯ್ದಳು. ನಾಲ್ಕು ಕಲ್ಲು ತೋರಿಸಿದಳು. ತಾಯಿತ ಅವನ ಅಂಗೈಯಲ್ಲಿಟ್ಟಳು. ಜೈತುನಬಿ ಹೇಳಿದ್ದನ್ನೆಲ್ಲ ಹೇಳಿದಳು, ಖಾಸೀಮಸಾಬ ದಾರಿ ತೋರಿಸಿದ್ದನ್ನೂ ಮುಚ್ಚಲಿಲ್ಲ.

ದೇವೀಂದ್ರಪ್ಪ ಕಲ್ಲುಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಮಲ್ಕಮ್ಮ ಸ್ವಲ್ಪ ಹೊತ್ತು ನೋಡಿ, ಅವನನ್ನು ಮಗನ ಹತ್ತಿರ ಬಿಟ್ಟು ಬಂದಳು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದವ ಅವತ್ತೂ ಮಾತಾಡಲಿಲ್ಲ, ಮರುದಿನವೂ ಇಲ್ಲ. ಆತನ ಮನಸ್ಸಿನಲ್ಲಿ ಏನು ಬೇಯುತ್ತಿದೆ ಎಂದು ಆಕೆಗೂ ತಿಳಿಯಲಿಲ್ಲ.

ಏಳನೆಯ ದಿನಕ್ಕೆ ನೆಲದ ಹಸಿ ಆರತೊಡಗಿತು. ಮೇಲಿನ ಮಣ್ಣು ಬಿಳುಚಿತು. ಇನ್ನು ಮೂರು ದಿನ ಕಳೆದರೆ ಆ ವರ್ಷದ ಜೋಳ ಮರೆಯಬೇಕಿತ್ತು. ಊರ ಹಿರಿಯರು ಚಾವಡಿಯಲ್ಲಿ ಬಸವಂತರಾಯನನ್ನು ಸುತ್ತುವರಿದರು. ವಯಸ್ಸಾದ ಮಹಾದೇವಪ್ಪ, ಗೌಡನ ಎದುರು ಎಂದೂ ಮಾತಾಡದವ, ಕೋಲು ಊರಿ ಅಂದ: "ಬಸವಂತರಾಯ, ಎಂಟು ಎಕರೆ ಸಲುವಾಗಿ ಎಂಟುನೂರು ಎಕರೆ ಬೀಳು ಕೆಡವತೀಯೇನು? ಹೆಂಗಸರು ಕೇಳಾಕತ್ತಿದ್ದು ತಮ್ಮ ಸಲುವಾಗಿ ಅಲ್ಲ. ಅದಕ್ಕೇ ನಮಗ ಉತ್ತರ ಸಿಗವಲ್ದು."

ಬಸವಂತರಾಯ ಗಾಳಿ ಬಂದಾಗ ತೂರಿಕೊಳ್ಳುವವ, ಗಾಳಿ ತಿರುಗಿದ್ದೂ ಅವನಿಗೆ ಬೇಗ ತಿಳಿಯುತ್ತಿತ್ತು. ಹಳ್ಳದ ಹೊಲ ತನಗೆ ಬೇಡ ಅಂದ. ಬೇಡ ಅನ್ನುವಾಗಲೂ ಒಂದು ಮುಳ್ಳು ಉಳಿಸಿದ. "ನನ್ನ ಕೂರಿಗಿ ಕೊಡ್ತೀನಿ, ಎತ್ತೂ ಕೊಡ್ತೀನಿ. ಹೊಡಿಯಾಕ ಮಾತ್ರ ಯಾರಿಗೂ ನಾ ಹೇಳಂಗಿಲ್ಲ. ರಜಾಕಾರನ ಹೊಲದಾಗ ಎತ್ತು ಹೊಡಿಯೋ ಗಂಡಸು ಈ ಊರಾಗ ಇದ್ರ ಹೊಡೀಲಿ."

ಅಂಥ ಗಂಡಸು ಯಾರಿದ್ದಾನೆ? ಹೆಂಗಸರು ಕೂರಿಗೆಯ ನೊಗ ಮುಟ್ಟುವಂತಿಲ್ಲ, ಮುಟ್ಟಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವೆವು, ಯಾರೂ ಬರದಿದ್ದರೆ ನಾನೇ ನೊಗ ಹಿಡಿಯುವೆ, ಮಳೆ ಹೋದರೆ ಪಾಪ ನನ್ನ ತಲೆಯ ಮೇಲಿರಲಿ, ಅಂದಳು ಸುದ್ದಿ ತಿಳಿದ ಮಲ್ಕಮ್ಮ.

ಬೆಳಿಗ್ಗೆ ಹತ್ತು ಮಂದಿಯೂ ನಜಮುನ್ನಿಸಾಳ ಬಾಗಿಲಿಗೆ ಹೋದರು. ಇಪ್ಪತ್ತೇಳು ವರ್ಷದ ಹೆಂಗಸು, ತಿಂಗಳು ಒಳಗಿದ್ದು ಬಿಳುಚಿಕೊಂಡಿದ್ದಳು. ಹೊಸ್ತಿಲಲ್ಲಿ ನಿಂತು ಗುರಣ್ಣನ ಬಂದೂಕು ಎಲ್ಲಿದೆ ಎಂದು ಮೊದಲು ನೋಡಿದಳು. ಆಕೆಯ ಎಡಕ್ಕೆ ಗುರುಬಾಯಿ, ಬಲಕ್ಕೆ ಅಂಬುಬಾಯಿ, ಹಿಂದೆ ಏಳು ಮಂದಿ, ಮುಂದೆ ಮಲ್ಕಮ್ಮ. ಗುರಣ್ಣ ಓಣಿಯ ತುದಿಯಲ್ಲಿ ನಿಂತಿದ್ದ. ಬಿತ್ತುವ ಹತ್ತೂ ಹೆಂಗಸರು ಸಾಲಾಗಿ ನಡೆದು ಬಂದಾಗ ದಾರಿ ಬಿಟ್ಟು ಗೋಡೆಗೆ ಒರಗಿದ. ಮುಂದಿನ ವರ್ಷವೂ ಅವನ ಹೊಲಕ್ಕೆ ಆ ಕೈಗಳೇ ಬೇಕಿದ್ದವು.

ಹಳ್ಳದ ಹೊಲಕ್ಕೆ ಬಂದರೆ ಕೂರಿಗೆ ಆಗಲೇ ಹೂಡಿತ್ತು. ಎತ್ತಿನ ಹಗ್ಗ ಹಿಡಿದು ದೇವೀಂದ್ರಪ್ಪ ನಿಂತಿದ್ದ. ಹೊತ್ತು ಮೂಡುವ ಮೊದಲೇ ಬಂದಿರಬೇಕು, ಎತ್ತುಗಳ ಮುಂದೆ ಹಾಕಿದ ಮೇವು ಅರ್ಧ ಮುಗಿದಿತ್ತು. ಆತ ಹೆಂಡತಿಯನ್ನು ನೋಡಲಿಲ್ಲ, ನಜಮುನ್ನಿಸಾಳನ್ನೂ ನೋಡಲಿಲ್ಲ, ಎತ್ತಿನ ಕೊರಳು ತಿಕ್ಕುತ್ತ ನಿಂತಿದ್ದ. ಮಲ್ಕಮ್ಮ ಉಡಿಯ ಗಂಟು ಸಡಿಲಿಸಿ, ಬೀಜದ ಮುಂದೆ ನಜಮುನ್ನಿಸಾಳನ್ನು ನಿಲ್ಲಿಸಿದಳು.

ನಜಮುನ್ನಿಸಾಳ ಕೈ ಏಳಲಿಲ್ಲ. ಬನ್ನಿಗಿಡದ ಕಡೆ ಒಮ್ಮೆ ನೋಡಿ ಮೆಲ್ಲಗೆ, "ಅಕ್ಕಾ, ಮೊದಲ ಮುಷ್ಟಿ ನೀನೇ ಹಾಕು. ಈ ಹೊಲದಾಗ ನನಗಿಂತ ನಿನ್ನ ಹಕ್ಕು ದೊ‌ಡ್ಡದು," ಅಂದಳು.

"ಹೊಲ ನಿಂದು, ಮಗ ನನ್ನಾಂವ," ಅಂದಳು ಮಲ್ಕಮ್ಮ. "ಎರಡನ್ನೂ ಕಲಸಬ್ಯಾಡ. ಹಾಕು."

ನಜಮುನ್ನಿಸಾ ಮುಷ್ಟಿ ತುಂಬಿಕೊಂಡು ಬಟ್ಟಲಿಗೆ ಹಾಕಿದಳು. ದೇವೀಂದ್ರಪ್ಪ ಎತ್ತುಗಳಿಗೆ ಹೋ ಅಂದ. ಕೂರಿಗೆ ನೆಲ ಕಚ್ಚಿ ಮುಂದೆ ಹೋಯಿತು, ಮಲ್ಕಮ್ಮ ತುಟಿ ಬಿಚ್ಚದೆ ಹಿಂದೆ ನಡೆದಳು, ನಜಮುನ್ನಿಸಾ ಪಕ್ಕದಲ್ಲಿ ನಡೆದಳು, ಉಳಿದವರು ಪಡುವಲ ಬದುವಿನ ಮೇಲೆ ನಿಂತು ನೋಡಿದರು. ಸಾಲು ಮೂಡಲ ಬದುವಿಗೆ ಮುಟ್ಟಿದಾಗ ದೇವೀಂದ್ರಪ್ಪ ಎತ್ತು ನಿಲ್ಲಿಸಿದ. ನಾಲ್ಕು ಕಲ್ಲು ಮಾರುದ್ದ ದೂರದಲ್ಲಿದ್ದವು. ಜೊತೆಗೆ ನಡೆದು ಬಂದಿದ್ದ ನಜಮುನ್ನಿಸಾಳ ಕಡೆ ತಿರುಗಿ, ಆತ ಅವತ್ತಿನ ಮೊದಲ ಮಾತು ಆಡಿದ.

"ತಂಗಿ, ಎಷ್ಟು ಆಳ ತೋಡಿದ್ರಿ?"

ಆಕೆ ಹೆದರಿ ಮಲ್ಕಮ್ಮನನ್ನು ನೋಡಿದಳು. ಆಮೇಲೆ ಕೈಯೆತ್ತಿ ತನ್ನ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದಳು. "ಇಷ್ಟು, ಅಣ್ಣಾ. ನೆಲ ಒಣಗಿ ಕಲ್ಲಾಗಿತ್ತು. ಮುಂಜಾನಿಯಿಂದ ಹೊತ್ತು ಮುಳುಗೋತನಕ ಇಬ್ಬರೇ ತೋಡಿದಿವಿ. ನಾಯಿ ನರಿ ಕೆದರಬಾರದು ಅಂತ ಅತ್ತಿ ನಿಲ್ಲಿಸಾಕ ಬಿಡಲಿಲ್ಲ."

ದೇವೀಂದ್ರಪ್ಪ ಆ ಎದೆಮಟ್ಟದ ಕೈಯನ್ನು ನೋಡುತ್ತಲೇ ಇದ್ದ. ಚೈತ್ರದ ಬಿಸಿಲಿನಲ್ಲಿ ಎರೆಭೂಮಿ ಎಷ್ಟು ಗಟ್ಟಿ ಎಂಬುದು ಅವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಸಾಕಷ್ಟು ಆಳ ಆತು," ಅಂದು ಎತ್ತು ತಿರುಗಿಸಿದ.